ಎಇಎಸ್ ಎಂಜಿನ್ ಡ್ರೈವರ್ ರಿವ್ಯೂ: ಮೂರು ವಾರದಲ್ಲಿ ಸಿಕ್ಕಿದ್ದು

ಡೇಟಾವನ್ನು ಗುಟ್ಟಾಗಿಡುವ ಎಇಎಸ್ ಎನ್‌ಕ್ರಿಪ್ಷನ್ ಅನ್ನು ಹಾರ್ಡ್‌ವೇರ್‌ನಿಂದ ಮಾಡಿಸಲು ಗೆಳೆಯ ಬರೆದ ಲಿನಕ್ಸ್ ಕರ್ನಲ್ ಡ್ರೈವರ್ ಓದುತ್ತಾ ಮೂರು ವಾರ ಆಯಿತು. ಎಲ್ಲಿಗೆ ಬಂದಿದ್ದೇವೆ ಅಂತ ಬರೆದಿಡುತ್ತಿದ್ದೇನೆ. ಈ ತರದ ಕೋಡ್ ಓದಲು ಕೂತವರಿಗೆ ಸಹಾಯ ಆದರೆ ಒಳ್ಳೆಯದು.

ನಮ್ಮಿಬ್ಬರ ಹತ್ತಿರವೂ ಒಂದೇ ಮಾದರಿಯ ಹಳೆಯ ಬೋರ್ಡ್ ಇದೆ. ಕಾರ್ಟೆಕ್ಸ್-ಎ7 ಸಿಪಿಯು. ಎಇಎಸ್ ಲೆಕ್ಕ ಮಾಡುವ ವಿಶೇಷ ಇನ್‌ಸ್ಟ್ರಕ್ಷನ್‌ಗಳು ಅದರಲ್ಲಿ ಇಲ್ಲ. ಅವು ಬಂದಿದ್ದು ಎಆರ್‌ಎಂವಿ8ರಲ್ಲಿ, ಅಲ್ಲೂ ಚಿಪ್ ಮಾಡುವವರು ಹಾಕಿಕೊಂಡರೆ ಮಾತ್ರ ಉಂಟು. ರಾಸ್ಪ್‌ಬೆರಿ ಪೈ 4ರಲ್ಲಿ ಇಲ್ಲ, 5ರಲ್ಲಿ ಇದೆ. ನಮ್ಮ ಚಿಪ್‌ನಲ್ಲಿ ಸಿಪಿಯು ಪಕ್ಕದಲ್ಲಿ ಬೇರೆಯೇ ಒಂದು ಎನ್‌ಕ್ರಿಪ್ಷನ್ ಎಂಜಿನ್ ಇದೆ, ಅದನ್ನು ಸುಮ್ನೆ ಬಿಡೋದ್ಯಾಕೆ ಅಂತ ಗೆಳೆಯ 6.6 ಕರ್ನಲ್‌ಗೆ ಒಂದು ಡ್ರೈವರ್ ಬರೆದ. ನನ್ನ ಬೋರ್ಡ್‌ಗೆ ಸೇರಿಸಿರುವ ಡಿಸ್ಕ್‌ನಲ್ಲಿ ಮನೆಯವರ ಹತ್ತು ವರ್ಷದ ಫೋಟೋಗಳಿವೆ, ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದು. ಹಾಗಾಗಿ ಇದನ್ನು ಹಾಕಿಕೊಳ್ಳುವ ಮೊದಲು ಒಂದು ಸಾಲೂ ಬಿಡದೆ ಓದಲೇಬೇಕು ಅಂದುಕೊಂಡೆ. ಸೌಂಡ್ ಡ್ರೈವರ್ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ. ಎನ್‌ಕ್ರಿಪ್ಷನ್ ತಪ್ಪಿದರೆ ಬರೆದಾಗ ಏನೂ ಗೊತ್ತಾಗುವುದಿಲ್ಲ, ಆರು ತಿಂಗಳ ಮೇಲೆ ಓದಲು ಹೋದಾಗ ಫೋಟೋ ಇರುವುದಿಲ್ಲ.

ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿದ್ದು ಕರ್ನಲ್‌ನಲ್ಲೇ ಇರುವ ಆಲ್‌ವಿನ್ನರ್ ಸನ್8ಐ-ಸಿಇ ಡ್ರೈವರ್. 2020ರ ಜನವರಿಯಲ್ಲಿ ಬಂದ 5.5 ಕರ್ನಲ್‌ನಿಂದ ಇದೆ. ಓದಲು ಸುಲಭ, ಜಾಸ್ತಿ ಉದ್ದವೂ ಇಲ್ಲ.

ಮೊದಲ ವಾರ ಪೂರ್ತಿ ಒಂದೇ ವಿಷಯಕ್ಕೆ ಹೋಯಿತು. ಫೋನ್ ಮಾಡಿದಾಗ ಗೆಳೆಯ ಹೇಳಿದ: "ಮಗಾ, ಸೆಲ್ಫ್‌ಟೆಸ್ಟ್ ಪಾಸ್ ಅಂತ ತೋರಿಸ್ತಿದೆ. ಡಿಸ್ಕ್ ಕೂಡ ಸರಿಯಾಗಿ ಓದ್ತಿದೆ. ಇನ್ನೇನು ಬೇಕು?" ಸೆಲ್ಫ್‌ಟೆಸ್ಟ್ ಅಂದರೆ ಡ್ರೈವರ್ ಕೊಡುವ ಉತ್ತರ ಸರಿಯೇ ಅಂತ ಕರ್ನಲ್ ತಾನೇ ಮಾಡುವ ಪರೀಕ್ಷೆ. ಕರ್ನಲ್‌ನ ಎನ್‌ಕ್ರಿಪ್ಷನ್ ಡ್ರೈವರ್‌ಗಳ ಪಟ್ಟಿ ತೋರಿಸುವ ಪ್ರಾಕ್ ಕ್ರಿಪ್ಟೋ ಫೈಲ್ ತೆಗೆದು ನೋಡಿದೆ. ಡ್ರೈವರ್ ಹೆಸರು, ಪ್ರಯಾರಿಟಿ 400, ಸೆಲ್ಫ್‌ಟೆಸ್ಟ್ ಪಾಸ್ಡ್. ಎಲ್ಲ ಸರಿ. ಆಮೇಲೆ ಕರ್ನಲ್‌ನಲ್ಲಿ ಏನೇನು ಇರಬೇಕು ಅಂತ ಹೇಳುವ ಅವನ ಕಾನ್ಫಿಗ್ ಫೈಲ್ ನೋಡಿದರೆ, ಟೆಸ್ಟ್‌ಗಳನ್ನು ಆಫ್ ಮಾಡುವ ಆಯ್ಕೆ ಆನ್ ಆಗಿಯೇ ಇತ್ತು. ಅವನು ಹಾಕಿದ್ದಲ್ಲ, ನಾವು ಬಳಸುವ ಕರ್ನಲ್‌ನಲ್ಲಿ ಅದು ಹುಟ್ಟಿನಿಂದಲೇ ಹಾಗಿದೆ. ಟೆಸ್ಟ್ ಓಡದೇ ಇದ್ದರೂ ಆ ಜಾಗದಲ್ಲಿ ಪಾಸ್ಡ್ ಅಂತಲೇ ಬರುತ್ತದೆ! ಒಂದು ಟೆಸ್ಟ್ ಕೂಡ ಇಲ್ಲಿಯವರೆಗೆ ಓಡಿರಲಿಲ್ಲ. ಕ್ರಿಪ್ಟೋ ಡ್ರೈವರ್ ನೋಡಲು ಕೂತರೆ ಕೋಡ್ ತೆಗೆಯುವ ಮೊದಲು ಕಾನ್ಫಿಗ್ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಟೆಸ್ಟ್ ಆನ್ ಮಾಡಿದ ಕೂಡಲೇ ಸಿಬಿಸಿ ಬಿತ್ತು. ಸಿಬಿಸಿ, ಇಸಿಬಿ ಅಂದರೆ ಡೇಟಾವನ್ನು ಬ್ಲಾಕ್ ಬ್ಲಾಕ್ ಆಗಿ ಎನ್‌ಕ್ರಿಪ್ಟ್ ಮಾಡುವ ಬೇರೆ ಬೇರೆ ವಿಧಾನಗಳು (ಮೋಡ್). ಇಸಿಬಿ ಪಾಸ್, ಸಿಬಿಸಿ ಎನ್‌ಕ್ರಿಪ್ಟ್ ಪಾಸ್, ಡಿಕ್ರಿಪ್ಟ್ ಮಾತ್ರ ಫೇಲ್. ಅದೂ ಡೇಟಾದಲ್ಲಿ ಅಲ್ಲ, ಕೊನೆಗೆ ವಾಪಸ್ ಕೊಡುವ ಐವಿಯಲ್ಲಿ, ಅಂದರೆ ಮೊದಲ ಬ್ಲಾಕಿನ ಜೊತೆ ಬೆರೆಸಲು ಕೊಡುವ ಆರಂಭದ ಮೌಲ್ಯದಲ್ಲಿ. ಸಿಬಿಸಿಯಲ್ಲಿ ಪ್ರತಿ 16 ಬೈಟ್‌ನ ಬ್ಲಾಕ್ ತನ್ನ ಹಿಂದಿನ ಎನ್‌ಕ್ರಿಪ್ಟ್ ಆದ ಬ್ಲಾಕಿನ ಜೊತೆ ಬೆರೆಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಕೊನೆಯ ಎನ್‌ಕ್ರಿಪ್ಟೆಡ್ ಬ್ಲಾಕನ್ನು ಐವಿ ಜಾಗದಲ್ಲಿ ಇಟ್ಟು ಕೊಡಬೇಕು, ಮುಂದಿನ ತುಂಡು ಅಲ್ಲಿಂದ ಶುರುವಾಗುತ್ತದೆ. ಗೆಳೆಯನ ಕೋಡ್ ಅದನ್ನು ಮಾಡುತ್ತಿತ್ತು, ಆದರೆ ಎಂಜಿನ್ ಕೆಲಸ ಮುಗಿಸಿದ ಮೇಲೆ. ಡಿಕ್ರಿಪ್ಟ್ ಮಾಡುವಾಗ ಒಳಗೆ ಹೋಗುವ ಬಫರ್ (ಡೇಟಾ ಇಡುವ ಮೆಮೊರಿ ಜಾಗ) ಮತ್ತು ಹೊರಗೆ ಬರುವ ಬಫರ್ ಒಂದೇ ಆಗಿದ್ದರೆ, ಆ ಹೊತ್ತಿಗೆ ಅಲ್ಲಿ ಎನ್‌ಕ್ರಿಪ್ಟೆಡ್ ಬ್ಲಾಕ್ ಎಲ್ಲಿರುತ್ತದೆ? ಅದರ ಮೇಲೆ ಬಿಚ್ಚಿದ ಡೇಟಾ ಕೂತಾಗಿದೆ. ಆ 16 ಬೈಟ್‌ಗಳನ್ನು ಎಂಜಿನ್ ಶುರು ಮಾಡುವ ಮೊದಲೇ ತೆಗೆದಿಡಬೇಕು. ಸನ್8ಐ-ಸಿಇ ಮಾಡುವುದೂ ಅದನ್ನೇ.

ಹಾಗಾದರೆ ಡಿಸ್ಕ್ ಹೇಗೆ ಸರಿಯಾಗಿ ಓದುತ್ತಿತ್ತು ಅಂತ ಒಂದು ರಾತ್ರಿ ತಲೆ ಕೆಡಿಸಿಕೊಂಡೆ. ಉತ್ತರ ಸರಳ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಕರ್ನಲ್ ಭಾಗವಾದ ಡಿಎಂ-ಕ್ರಿಪ್ಟ್ ಡಿಸ್ಕಿನ ಪ್ರತಿ ಸೆಕ್ಟರ್‌ಗೂ ಹೊಸ ಐವಿ ತಾನೇ ಲೆಕ್ಕ ಹಾಕುತ್ತದೆ, ನಾವು ವಾಪಸ್ ಕೊಟ್ಟಿದ್ದನ್ನು ನೋಡುವುದೇ ಇಲ್ಲ. ಪ್ರೋಗ್ರಾಮ್‌ಗಳು ಕರ್ನಲ್‌ನ ಎನ್‌ಕ್ರಿಪ್ಷನ್ ಬಳಸಲು ಇರುವ ಎಎಫ್-ಎಎಲ್‌ಜಿ ಸಾಕೆಟ್ ಮೂಲಕ ಒಂದು ಫೈಲನ್ನು ತುಂಡು ತುಂಡಾಗಿ ಕಳಿಸಿ ನೋಡಿದೆ. ಎರಡನೇ ತುಂಡಿನ ಮೊದಲ 16 ಬೈಟ್ ಕಸ, ಉಳಿದದ್ದೆಲ್ಲ ಸರಿ. ಸಿಬಿಸಿಯ ಗುಣವೇ ಹಾಗೆ, ತಪ್ಪು ಐವಿ ಒಂದು ಬ್ಲಾಕ್ ಮಾತ್ರ ಕೆಡಿಸುತ್ತದೆ. ದೊಡ್ಡ ಫೈಲಿನ ನಡುವೆ 16 ಬೈಟ್ ಹಾಳಾದರೆ ಯಾರು ಗಮನಿಸುತ್ತಾರೆ ಹೇಳಿ.

ಎರಡನೇ ವಾರ ಎಕ್ಸ್‌ಟ್ರಾ ಟೆಸ್ಟ್‌ಗಳನ್ನೂ ಆನ್ ಮಾಡಿದೆವು. ಇವು ಬೇಕಾಬಿಟ್ಟಿ ಉದ್ದ, ಬೇಕಾಬಿಟ್ಟಿ ತುಂಡುಗಳನ್ನು ಮಾಡಿ ಡ್ರೈವರ್‌ಗೆ ಕೊಡುತ್ತವೆ, ಬಂದ ಉತ್ತರವನ್ನು ಸಾಫ್ಟ್‌ವೇರ್ ಎಇಎಸ್ ಜೊತೆ ತಾಳೆ ನೋಡುತ್ತವೆ. ಬೋರ್ಡ್ ನಿಂತೇ ಹೋಯಿತು. ಕಾರಣ ಶೂನ್ಯ ಉದ್ದದ ರಿಕ್ವೆಸ್ಟ್. ಏನೂ ಇಲ್ಲದ ಡೇಟಾಗೆ ಎಂಜಿನ್ ಶುರು ಮಾಡಿದರೆ ನಮ್ಮ ಚಿಪ್‌ನಲ್ಲಿ ಕೆಲಸ ಮುಗಿಯಿತು ಅಂತ ಸಿಪಿಯುಗೆ ಹೇಳುವ ಇಂಟರಪ್ಟ್ ಬರುವುದೇ ಇಲ್ಲ. ಅದೊಂದು ಎರಡು ಸಾಲಿನ ತಿದ್ದುಪಡಿ. ಆದರೆ ಅದರ ಹಿಂದೆಯೇ ಇಡೀ ರಿವ್ಯೂನಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ತಪ್ಪು ಸಿಕ್ಕಿತು.

ಇಂಟರಪ್ಟ್ ಬರದಿದ್ದರೆ ಕೋಡ್ ಸ್ವಲ್ಪ ಹೊತ್ತು ಕಾಯುತ್ತದೆ, ಟೈಮ್‌ಔಟ್ ಆಗುತ್ತದೆ, ಎಂಜಿನ್ ನೇರವಾಗಿ ಮೆಮೊರಿ ಮುಟ್ಟಲು ಮಾಡಿಕೊಟ್ಟ ಡಿಎಂಎ ಮ್ಯಾಪಿಂಗ್ ಬಿಡಿಸುತ್ತದೆ (ಅನ್‌ಮ್ಯಾಪ್), ಎರರ್ ವಾಪಸ್ ಕೊಡುತ್ತದೆ. ಓದುವಾಗ ಅಚ್ಚುಕಟ್ಟಾಗಿದೆ ಅನ್ನಿಸುತ್ತದೆ, ನಾನೂ ಮೊದಲ ಸಲ ಹಾಗೇ ದಾಟಿ ಹೋಗಿದ್ದೆ. ಆದರೆ ಎಂಜಿನ್‌ಗೆ ನಿಲ್ಲು ಅಂತ ಯಾರು ಹೇಳಿದರು? ಯಾರೂ ಹೇಳಿಲ್ಲ. ಅದು ತಡವಾಗಿಯಾದರೂ ಕೆಲಸ ಮುಂದುವರಿಸಿದರೆ, ಆ ಹೊತ್ತಿಗೆ ಆ ಮೆಮೊರಿ ಬೇರೆ ಯಾರ ಕೈಗೋ ಹೋಗಿರುತ್ತದೆ, ಫೈಲ್ ಸಿಸ್ಟಮ್‌ನದೇ ಇರಬಹುದು, ಅದರ ಮೇಲೆ ಎಂಜಿನ್ ತನ್ನ ಪಾಡಿಗೆ ಬರೆದುಬಿಡುತ್ತದೆ. ಮೊದಲು ಎಂಜಿನ್ ರೀಸೆಟ್, ಆಮೇಲೆ ಅನ್‌ಮ್ಯಾಪ್. ಈ ಕ್ರಮದಲ್ಲಿ ಮಾತ್ರ ಆಗಬೇಕು. ಗೆಳೆಯನಿಗೆ ಇದನ್ನು ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಹೌದು ಮಗಾ, ಇದು ನನಗೆ ಹೊಳೆದೇ ಇರಲಿಲ್ಲ" ಅಂದ. ಅದೇ ರಾತ್ರಿ ಪ್ಯಾಚ್ ಕಳಿಸಿದ.

ಸಣ್ಣಪುಟ್ಟವೂ ಇದ್ದವು. ಮೆಮೊರಿಯಲ್ಲಿ ಚದುರಿದ ತುಂಡುಗಳ ಪಟ್ಟಿಯಾದ ಸ್ಕ್ಯಾಟರ್‌ಲಿಸ್ಟ್ ಮ್ಯಾಪ್ ಮಾಡಿದಾಗ ಬರುವ ಸಂಖ್ಯೆ ನಾವು ಕೊಟ್ಟದ್ದಕ್ಕಿಂತ ಕಡಿಮೆ ಇರಬಹುದು, ಆದರೆ ಅನ್‌ಮ್ಯಾಪ್‌ಗೆ ಮೊದಲಿನ ಸಂಖ್ಯೆಯನ್ನೇ ಕೊಡಬೇಕು. ಇಲ್ಲಿ ಉಲ್ಟಾ ಆಗಿತ್ತು. ಕೀ ಇಟ್ಟ ಮೆಮೊರಿಯನ್ನು ಬರೀ ಕೆಫ್ರೀ (ಮೆಮೊರಿ ಬಿಟ್ಟುಕೊಡುವುದು) ಮಾಡಿದ್ದ, ಅದು ಮೊದಲು ಅಳಿಸಿ ಆಮೇಲೆ ಬಿಟ್ಟುಕೊಡುವ ಕೆಫ್ರೀ ಸೆನ್ಸಿಟಿವ್ ಆಗಬೇಕು, ಇಲ್ಲದಿದ್ದರೆ ಕೀ ಮೆಮೊರಿಯಲ್ಲೇ ಉಳಿಯುತ್ತದೆ.

ಈ ವಾರ ಸಿಕ್ಕಿದ್ದು ಯಾವ ಟೆಸ್ಟ್‌ಗೂ ಸಿಕ್ಕಿರಲಿಲ್ಲ, ಓದಿದ್ದಕ್ಕೇ ಸಿಕ್ಕಿತು. ಪ್ರತಿ ಬ್ಲಾಕ್‌ಗೂ ಒಂದು ಕೌಂಟರ್ ಏರಿಸುತ್ತಾ ಹೋಗುವ ಸಿಟಿಆರ್ ಮೋಡ್‌ನಲ್ಲಿ ಎಂಜಿನ್ ತನ್ನ ಕೊನೆಯ ಕೌಂಟರನ್ನು 16 ಬೈಟ್‌ನ ಒಂದು ಬಫರ್‌ಗೆ ಬರೆಯುತ್ತದೆ. ಆ ಬಫರ್ ಒಂದು ಸ್ಟ್ರಕ್ಟ್ (ಹಲವು ಮೌಲ್ಯಗಳ ಗುಂಪು) ಒಳಗೆ, ಒಂದು ಸ್ಟೇಟಸ್ ಫ್ಲ್ಯಾಗ್‌ಗೆ ಅಂಟಿಕೊಂಡೇ ಇತ್ತು. ಈ ಸಿಪಿಯುನಲ್ಲಿ ಡೇಟಾ ಕ್ಯಾಶ್ ಲೈನ್ (ಸಿಪಿಯು ತನ್ನ ಹತ್ತಿರದ ವೇಗದ ಮೆಮೊರಿಗೆ ಒಮ್ಮೆಗೆ ತರುವ ತುಂಡು) 64 ಬೈಟ್, ಅಂದರೆ ಎರಡೂ ಒಂದೇ ಲೈನ್‌ನಲ್ಲಿವೆ. ನಮ್ಮ ಎಂಜಿನ್‌ಗೆ ಸಿಪಿಯು ಕ್ಯಾಶ್ ಕಾಣುವುದಿಲ್ಲ. ಎಂಜಿನ್ ಕೆಲಸ ಮಾಡುತ್ತಿರುವಾಗ ಸಿಪಿಯು ಫ್ಲ್ಯಾಗ್ ಬದಲಾಯಿಸಿತು ಅಂತಿಟ್ಟುಕೊಳ್ಳಿ. ಆ ಲೈನ್ ಮೆಮೊರಿಗೆ ವಾಪಸ್ ಹೋಗುವಾಗ ಹಳೆಯ 16 ಬೈಟ್‌ಗಳನ್ನೂ ಎಳೆದುಕೊಂಡು ಹೋಗಿ ಎಂಜಿನ್ ಬರೆದ ಕೌಂಟರ್ ಮೇಲೆ ಕೂರಿಸುತ್ತದೆ. ಸಾವಿರ ಸಲಕ್ಕೆ ಒಮ್ಮೆ ಆಗಬಹುದು, ಆಗದೆಯೂ ಇರಬಹುದು. ಬಫರ್‌ಗೆ ಮೆಮೊರಿ ಕೊಡುವ ಕೆಮ್ಯಾಲಾಕ್‌ನಿಂದ ಬೇರೆಯೇ ಜಾಗ ಪಡೆದರೆ ಮುಗಿಯಿತು.

ವೇಗದ ಬಗ್ಗೆಯೂ ಒಂದು ಮಾತು, ಎಲ್ಲರೂ ಮೊದಲು ಕೇಳುವುದು ಅದನ್ನೇ ಅಲ್ವಾ. ದೊಡ್ಡ ತುಂಡುಗಳಿಗೆ ಎಂಜಿನ್ ಮುಂದೆ, 16 ಬೈಟ್‌ನಂಥ ಚಿಕ್ಕದಕ್ಕೆ ಸಿಪಿಯುವೇ ಮುಂದೆ. ಪ್ರತಿ ಸಲ ಮ್ಯಾಪ್ ಮಾಡಿ, ರಿಜಿಸ್ಟರ್ ಬರೆದು, ಇಂಟರಪ್ಟ್‌ಗೆ ಕಾಯುವ ಖರ್ಚು ಲೆಕ್ಕಕ್ಕಿಂತ ಜಾಸ್ತಿ. ಹಾಗಾಗಿ ಚಿಕ್ಕದನ್ನೆಲ್ಲ ಸಾಫ್ಟ್‌ವೇರ್ ಫಾಲ್‌ಬ್ಯಾಕ್‌ಗೆ ಕಳಿಸುವುದು ಅಂತ ತೀರ್ಮಾನಿಸಿದೆವು. ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಫಾರ್ಮ್ಯಾಟ್ ಆದ ಲುಕ್ಸ್2ರಲ್ಲಿ 512ರ ಬದಲು 4096 ಬೈಟ್ ಸೆಕ್ಟರ್ ಇಟ್ಟರೆ ಎಂಜಿನ್‌ಗೆ ಅನುಕೂಲ. ಉದ್ದೇಶ ವೇಗ ಒಂದೇ ಅಲ್ಲ, ಅಷ್ಟು ಹೊತ್ತು ಸಿಪಿಯು ಬೇರೆ ಕೆಲಸಕ್ಕೆ ಸಿಗುತ್ತದೆ, ನನಗೆ ಅದೇ ಮುಖ್ಯ.

ಇವತ್ತು ಮೂರನೇ ಆವೃತ್ತಿಯ ಪ್ಯಾಚ್ ಬಂದಿದೆ. ಡಿಎಂಎ ಬಳಕೆಯ ತಪ್ಪು ಹಿಡಿಯುವ ಡಿಎಂಎ ಡೀಬಗ್ ಆನ್ ಮಾಡಿ ಎಕ್ಸ್‌ಟ್ರಾ ಟೆಸ್ಟ್‌ಗಳನ್ನು ಸಂಜೆಯಿಂದ ಲೂಪ್‌ನಲ್ಲಿ ಓಡಿಸುತ್ತಿದ್ದೇನೆ, ಇನ್ನೂ ಒಂದು ದೂರೂ ಬಂದಿಲ್ಲ. ಹ್ಯಾಶ್ ಭಾಗ ಮುಟ್ಟಿಯೇ ಇಲ್ಲ. ಸಸ್ಪೆಂಡ್ ಆಗಿ ಎದ್ದಾಗ ಎಂಜಿನ್ ಕ್ಲಾಕ್ ಸರಿಯಾಗಿ ಶುರುವಾಗುತ್ತದೋ ಇಲ್ಲವೋ ನೋಡಬೇಕು. ಫೋಟೋ ಡಿಸ್ಕ್ ಸದ್ಯಕ್ಕೆ ಸಾಫ್ಟ್‌ವೇರ್ ಎಇಎಸ್‌ನಲ್ಲೇ ಇದೆ, ಎಂಜಿನ್ ಪಕ್ಕಕ್ಕೆ ಒಂದು ಖಾಲಿ ಡಿಸ್ಕ್ ಹಾಕಿದ್ದೇನೆ.