ಇನ್ನೂ ಎಷ್ಟು ವರ್ಷ ಇಟ್ಕೊಂಡು ಕೂರ್ತೀಯ?

ಕಳೆದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕದ ಎಲೆಗೆ ನಮ್ಮ ಭಾವ. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಅವರ ಮಾಮೂಲಿ ಪ್ರಶ್ನೆ ಬಂತು. "ಆ ವೆಬ್‌ಸೈಟ್ ಹೆಸರುಗಳು ಇನ್ನೂ ನಿನ್ನ ಹತ್ರಾನೇ ಇವೆಯಾ? ಇನ್ನೂ ಎಷ್ಟು ವರ್ಷ ಇಟ್ಕೊಂಡು ಕೂರ್ತೀಯ?"

ಭಾವ ಒಬ್ಬರೇ ಅಲ್ಲ. ಡೊಮೇನ್ ಹೆಸರು ಕೊಂಡು ಮಾರುತ್ತೇನೆ ಅಂತ ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗರು ಸ್ವಲ್ಪ ತಿರುಗಿಸಿ ಕೇಳುತ್ತಾರೆ ಅಷ್ಟೆ: "ಸರ್, ನನ್ನ ಹತ್ರ ಹತ್ತು ಹೆಸರಿವೆ. ಎಷ್ಟು ದಿನ ಕಾದರೆ ಹೋಗುತ್ತವೆ?" ಅವರಿಗೆ ಬೇಕಾದ ಉತ್ತರ ಒಂದೇ, ತಾಳ್ಮೆ ಇರಲಿ ಅನ್ನೋದು. ನಾನು ಅದನ್ನು ಹೇಳುವುದಿಲ್ಲ. ತಾಳಿದವನು ಬಾಳಿಯಾನು ಅಂತ ನಮ್ಮಜ್ಜಿ ಹೇಳುತ್ತಿದ್ದರು ನಿಜ. ಆದರೆ ಅಜ್ಜಿಗೆ ವರ್ಷಾ ವರ್ಷ ರಿನ್ಯೂವಲ್ ಬಿಲ್ ಬರುತ್ತಿರಲಿಲ್ಲ.

ಬೆಂಗಳೂರಿನವರಿಗೆ ಇದು ಸೈಟು ತೆಗೆದಿಟ್ಟ ಹಾಗೆ ಕಾಣುತ್ತದೆ. ಹಾಗಲ್ಲ. ಸೈಟಿನ ಕಂದಾಯ ಒಂದು ವರ್ಷ ಮರೆತರೆ ದಂಡ ಕಟ್ಟಬಹುದು, ಸೈಟು ಎಲ್ಲಿಗೂ ಹೋಗುವುದಿಲ್ಲ. ಡೊಮೇನ್ ಯಾವತ್ತೂ ನಮ್ಮದಲ್ಲ, ಬಾಡಿಗೆಗೆ ಇರುವುದು. ಡಾಟ್ ಕಾಮ್ ಹೆಸರುಗಳ ಸಗಟು ವ್ಯಾಪಾರ ಅಮೆರಿಕದ ವೆರಿಸೈನ್ ಕಂಪನಿಯ ಕೈಯಲ್ಲಿದೆ. ಒಂದು ಹೆಸರಿಗೆ ವರ್ಷಕ್ಕೆ 7.85 ಡಾಲರ್ ಅಂತ ಬಹಳ ಕಾಲ ಇತ್ತು. 2021ರಿಂದ ಸತತ ನಾಲ್ಕು ವರ್ಷ ಏರಿಸಿ, 2024ರ ಸೆಪ್ಟೆಂಬರಿನಲ್ಲಿ 10.26 ಮಾಡಿದರು. ಅದರ ಮೇಲೆ ನಮಗೆ ಮಾರುವ ಕಂಪನಿಯ ಲಾಭ, ಜಿಎಸ್‌ಟಿ, ಜೊತೆಗೆ ಡಾಲರ್ ಎದುರು ಜಾರುವ ರೂಪಾಯಿ. ನನಗೆ ಒಂದು ಹೆಸರಿಗೆ ಹತ್ತಿರ ಹತ್ತಿರ 1,200 ರೂಪಾಯಿ ಬೀಳುತ್ತದೆ.

ಈಗ ಲೆಕ್ಕ ಹಾಕೋಣ. ನೂರು ಹೆಸರಿದ್ದರೆ ವರ್ಷಕ್ಕೆ 1,20,000. ಈ ಕಸುಬಿನಲ್ಲಿ ಇರುವವರು ಸಾಮಾನ್ಯವಾಗಿ ಹೇಳುವುದು, ನೂರರಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆ ಅಂತ. ಒಂದೇ ಹೋಯಿತು ಅನ್ನಿ, ಒಂದೂವರೆ ಲಕ್ಷಕ್ಕೆ. ಮಾರಿಕೊಟ್ಟ ತಾಣ ನೂರಕ್ಕೆ ಇಪ್ಪತ್ತು ಕಮಿಷನ್ ಹಿಡಿದರೆ ಕೈಗೆ ಬರುವುದು 1,20,000. ಅಂದರೆ ಒಂದೂವರೆ ಲಕ್ಷದ ವ್ಯಾಪಾರ ಮಾಡಿ ಉಳಿದದ್ದು ಸೊನ್ನೆ. ಅದೇ ಲೆಕ್ಕದಲ್ಲಿ ಹತ್ತು ಹೆಸರಿನ ಹುಡುಗನಿಗೆ ಹತ್ತು ವರ್ಷಕ್ಕೊಂದು ಮಾರಾಟ. ಅದೂ ಹೆಸರುಗಳು ಚೆನ್ನಾಗಿದ್ದರೆ. ಇದನ್ನು ಹೇಳಿದರೆ ಹುಡುಗರ ಮುಖ ಬಾಡುತ್ತದೆ. ಏನು ಮಾಡಲಿ?

ಹಾಗಾದರೆ ಕಾಯುವುದು ಹೇಗೆ? ಇದನ್ನು ನಾನು ಕಲಿತದ್ದು ಪುತ್ತೂರಿನ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನ ಮಗನಿಂದ. ಅವನಿಗೆ ಡೊಮೇನ್ ಅಂದರೆ ಏನೂ ಗೊತ್ತಿಲ್ಲ. ಅವನ ಅಟ್ಟದಲ್ಲಿ ಯಾವಾಗಲೂ ನಾಲ್ಕಾರು ಗೋಣಿ ಚಾಲಿ ಅಡಿಕೆ ಇರುತ್ತದೆ. ರೇಟು ಬರಲಿ ಅಂತ ಇಟ್ಟಿರುತ್ತಾನೆ. ಪಕ್ಕದ ತೋಟದವರು ಸುಲಿದ ಕೂಡಲೇ ಮಾರುತ್ತಾರೆ. ಅವರಿಗೆ ತಾಳ್ಮೆ ಕಮ್ಮಿ ಅಂತಲ್ಲ, ಸೊಸೈಟಿ ಸಾಲ ಇದೆ. ಅಣ್ಣನಿಗೆ ಅಡಿಕೆ ಮರಗಳ ನಡುವೆ ಬಾಳೆ ಇದೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇದೆ. ಬಾಳೆಗೊನೆ ಮಾರಿದ ದುಡ್ಡಲ್ಲಿ ಆಳಿನ ಸಂಬಳ, ಗೊಬ್ಬರ ಕಳೆಯುತ್ತದೆ. ಹಾಗಾಗಿ ಅಡಿಕೆ ಅಟ್ಟದಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ.

ಅವತ್ತಿನಿಂದ ನನ್ನ ಪಟ್ಟಿಯಲ್ಲೂ ಎರಡೇ ಜಾತಿ. ಬಾಳೆ ಹೆಸರು, ಅಡಿಕೆ ಹೆಸರು. ಈಗ ಒಟ್ಟು 64 ಹೆಸರಿವೆ. ಅದರಲ್ಲಿ ಐವತ್ತರಷ್ಟು ಬಾಳೆ. ಸಣ್ಣ ವ್ಯಾಪಾರಿಗಳಿಗೆ ಹೊಂದುವ ಸಾದಾ ಹೆಸರುಗಳು. ಇವಕ್ಕೆ ಬೆಲೆ ಬರೆದೇ ಇಟ್ಟಿರುತ್ತೇನೆ, 25 ಸಾವಿರದಿಂದ 60 ಸಾವಿರ. ಬೇಕಾದವರು ದುಡ್ಡು ಕಟ್ಟಿ ತಗೊಂಡು ಹೋಗಬಹುದು, ನನ್ನ ಜೊತೆ ಮಾತಾಡಬೇಕಾಗಿಲ್ಲ. "ಜಾಸ್ತಿ ಸಿಗಬಹುದಿತ್ತೇನೋ" ಅಂತ ಇವುಗಳ ಬಗ್ಗೆ ನಾನು ಕೊರಗುವುದಿಲ್ಲ. ಇವು ಬಿಲ್ ಕಟ್ಟಬೇಕು, ಅಷ್ಟೆ. ಉಳಿದ ಹನ್ನೆರಡು ಹದಿಮೂರು ಅಡಿಕೆ. ಅವಕ್ಕೆ ಅವಸರ ಇಲ್ಲ.

ಅಮೆರಿಕದ ಮೈಕ್ರೋಸ್ಟ್ರಾಟಜಿ ಕಂಪನಿ ವಾಯ್ಸ್ ಡಾಟ್ ಕಾಮ್ ಹೆಸರನ್ನು 2019ರಲ್ಲಿ 3 ಕೋಟಿ ಡಾಲರಿಗೆ ಮಾರಿದ ಕಥೆಯನ್ನು ಎಲ್ಲರೂ ನನಗೆ ಹೇಳುತ್ತಾರೆ. "ನೋಡಿ, 90ರ ದಶಕದಿಂದ ಕಾದರು" ಅಂತ. ಕಾದರು, ಸರಿ. ಆದರೆ ಅವರು ಸಾಫ್ಟ್‌ವೇರ್ ಮಾರುವ ಕಂಪನಿ. ಆ ಹೆಸರಿನ ರಿನ್ಯೂವಲ್ ಅವರ ಕ್ಯಾಂಟೀನಿನ ಕಾಫಿ ಖರ್ಚಿಗೂ ಸಾಟಿಯಲ್ಲ. ಅವರದ್ದೂ ಬಾಳೆ ಇದ್ದ ತೋಟವೇ.

ನನ್ನ ಒಂದು ಅಡಿಕೆಯ ಕಥೆ ಹೇಳುತ್ತೇನೆ. ಹೆಸರು ಹೇಳುವ ಹಾಗಿಲ್ಲ, ಕೊಂಡವರ ಜೊತೆ ಹಾಗಂತ ಒಪ್ಪಂದ. ಎರಡು ಇಂಗ್ಲಿಷ್ ಪದಗಳ ಡಾಟ್ ಕಾಮ್. 2013ರಲ್ಲಿ ಹಳೆಯ ಮಾಲೀಕರು ಬಿಟ್ಟದ್ದನ್ನು ಹಿಡಿದಿದ್ದೆ. ಏಳು ವರ್ಷ ಒಬ್ಬರೂ ಕೇಳಲಿಲ್ಲ. ಆಮೇಲೆ ಒಂದು ರಾತ್ರಿ ಜಿಮೇಲ್ ವಿಳಾಸದಿಂದ ಒಂದು ಸಾಲಿನ ಮೇಲ್: ಹೆಸರು ಮಾರಾಟಕ್ಕಿದೆಯಾ, 15 ಸಾವಿರ ಕೊಡುತ್ತೇನೆ. ಜಿಮೇಲ್ ಅಂದರೆ ಕಂಪನಿ ಗುರುತು ಮುಚ್ಚಿಟ್ಟು ಬಂದವರು ಅಂತ ಅನುಮಾನ ಬಂತು. ಹುಡುಕಿದೆ. ಅದೇ ಹೆಸರಿನ ನಡುವೆ ಅಡ್ಡಗೆರೆ ಹಾಕಿಕೊಂಡು ಒಂದು ಕಂಪನಿ ನಡೆಯುತ್ತಿತ್ತು. ಮೂರು ಲಕ್ಷ ಅಂದೆ. "ಇಷ್ಟಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತೆ" ಅಂತ ಉತ್ತರ. ನಾನು ಸರಿ ಅಂತ ಸುಮ್ಮನಾದೆ.

ಸುಮ್ಮನಾಗುವುದೇ ಕಷ್ಟ. ಬೆಲೆ ಹೇಳಿದ ಮೂರನೇ ದಿನ ಕೈ ತುರಿಸುತ್ತದೆ. "ಎರಡಕ್ಕೆ ಆಗುತ್ತಾ ಸರ್" ಅಂತ ನಾವೇ ಮೇಲ್ ಬರೆದುಬಿಡೋಣ ಅನ್ನಿಸುತ್ತದೆ. ಆ ತಿಂಗಳು ನನ್ನ ಬಿಲ್ ಬಾಳೆ ದುಡ್ಡಲ್ಲಿ ಕಟ್ಟಿಯಾಗಿತ್ತು. ಇಲ್ಲದಿದ್ದರೆ ಖಂಡಿತ ಬರೆಯುತ್ತಿದ್ದೆ. ಹದಿನಾಲ್ಕು ತಿಂಗಳ ಮೇಲೆ ಅವರೇ ಬಂದರು. ಗ್ರಾಹಕರು ಅಡ್ಡಗೆರೆ ಬಿಟ್ಟು ಟೈಪ್ ಮಾಡಿ, ಅವರ ಮೇಲ್‌ಗಳು ದಾರಿ ತಪ್ಪುತ್ತಿದ್ದವಂತೆ. 2,40,000ಕ್ಕೆ ಮುಗಿಯಿತು. ದುಡ್ಡು ಮೊದಲು ಎಸ್ಕ್ರೋದಲ್ಲಿ, ಅಂದರೆ ಮಧ್ಯಸ್ಥರ ಖಾತೆಯಲ್ಲಿ ಕೂತಿತು. ನಾನು ಹೆಸರು ಬಿಟ್ಟುಕೊಟ್ಟೆ. ಅವರು ಬಂತು ಅಂದ ಮೇಲೆ ನನಗೆ ಸೇರಿತು. ಆ ಒಂದು ಹೆಸರಿಗೆ ನಾನು ಅಷ್ಟು ವರ್ಷದಲ್ಲಿ ಕಟ್ಟಿದ್ದು ಹತ್ತು ಸಾವಿರದೊಳಗೆ. ಹೀಗೆ ಹೇಳಿದರೆ ಭಾರಿ ಲಾಭ ಅನ್ನಿಸುತ್ತದೆ ಅಲ್ವಾ? ಅದರ ಜೊತೆಗೆ ಇಟ್ಟುಕೊಂಡು ಕೊನೆಗೆ ಕೈಬಿಟ್ಟ ಹೆಸರುಗಳ ಖರ್ಚನ್ನೂ ಇದರ ಲೆಕ್ಕಕ್ಕೇ ಹಾಕಬೇಕು.

ಕೈಬಿಟ್ಟವು ಅಂದರೆ 2014ರವು. ಆ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಗುಲ್ಬರ್ಗಾ ಹೋಗಿ ಕಲಬುರಗಿ, ಬಿಜಾಪುರ ಹೋಗಿ ವಿಜಯಪುರ, ಹೀಗೆ. ನಾನು ಆ ವಾರವೇ ಹೊಸ ಸ್ಪೆಲ್ಲಿಂಗಿನಲ್ಲಿ 38 ಹೆಸರು ಬುಕ್ ಮಾಡಿದೆ. ಊರಿನ ಹೆಸರಿಗೆ ಹೋಟೆಲ್, ಟ್ಯಾಕ್ಸಿ, ಡಾಕ್ಟರ್ ಅಂತ ಅಂಟಿಸಿ. ಎಲ್ಲರೂ ಬೋರ್ಡು ಬದಲಾಯಿಸುತ್ತಾರೆ, ನನ್ನ ಬಾಗಿಲಿಗೇ ಬರುತ್ತಾರೆ ಅಂತ ಲೆಕ್ಕ. ಯಾರೂ ಬರಲಿಲ್ಲ. ಮೈಸೂರು ಸ್ಯಾಂಡಲ್ ಸೋಪೇ ಇಂಗ್ಲಿಷಿನಲ್ಲಿ ಹಳೆಯ ಸ್ಪೆಲ್ಲಿಂಗ್ ಬಿಟ್ಟಿಲ್ಲ, ಇನ್ನು ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನವರು ಬಿಡುತ್ತಾರಾ? ಮೂರು ವರ್ಷ "ತಾಳ್ಮೆ, ತಾಳ್ಮೆ" ಅಂತ ನನಗೆ ನಾನೇ ಹೇಳಿಕೊಂಡು ಎಪ್ಪತ್ತು ಸಾವಿರದ ಮೇಲೆ ಕಳೆದೆ. ಅದು ತಾಳ್ಮೆ ಆಗಿರಲಿಲ್ಲ. ತಪ್ಪು ಮಾಡಿದೆ ಅಂತ ಒಪ್ಪಿಕೊಳ್ಳಲು ನಾಚಿಕೆ.

ಇದರ ತದ್ವಿರುದ್ಧವೂ ಆಗಿದೆ. 2021ರ ಅಕ್ಟೋಬರ್ 1ರಿಂದ ಕಾರ್ಡಿನಲ್ಲಿ ತಾನಾಗಿಯೇ ದುಡ್ಡು ಕಟ್ಟಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ನನ್ನ ಹೆಸರುಗಳೆಲ್ಲ ಆಟೋ ರಿನ್ಯೂವಲ್‌ನಲ್ಲಿದ್ದವು. ಅದರಿಂದ, ನಾನು ಹೆಸರು ಕೊಂಡಿದ್ದ ಹೊರದೇಶದ ಕಂಪನಿಯಲ್ಲಿ ಪಾವತಿ ಫೇಲ್ ಆಗುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಅವಧಿ ಮುಗಿದ ಡಾಟ್ ಕಾಮ್‌ಗೆ ಮೊದಲು ಕೆಲವು ವಾರ ಮಾಮೂಲಿ ದರದಲ್ಲಿ ಕಟ್ಟುವ ಅವಕಾಶ ಇರುತ್ತದೆ. ಅದೂ ಕಳೆದರೆ 30 ದಿನದ ರಿಡೆಂಪ್ಶನ್, ಆಗ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಆಮೇಲೆ ಐದು ದಿನ, ಅಲ್ಲಿಗೆ ಹೆಸರು ಎಲ್ಲರ ಪಾಲು. ನನ್ನ ಒಳ್ಳೆಯ ಅಡಿಕೆಯೊಂದು ರಿಡೆಂಪ್ಶನ್ನಿಗೆ ಬಿದ್ದಿತ್ತು. ಎಂಟು ಸಾವಿರ ತೆತ್ತು ವಾಪಸ್ ತಂದೆ. ಈಗ ಅಡಿಕೆ ಹೆಸರುಗಳಿಗೆಲ್ಲ ಐದು ವರ್ಷದ್ದು ಒಟ್ಟಿಗೇ ಕಟ್ಟಿಬಿಡುತ್ತೇನೆ. ಬಾಳೆಗೆ ಒಂದೇ ವರ್ಷ.

ಇನ್ನು ಜಿಯೋಹಾಟ್‌ಸ್ಟಾರ್ ವಿಷಯ. ಎರಡು ಕಂಪನಿ ಒಂದಾಗಬಹುದು ಅಂತ ಊಹಿಸಿ ದೆಹಲಿಯ ಹುಡುಗನೊಬ್ಬ ಆ ಹೆಸರು ಹಿಡಿದಿದ್ದ. 2024ರ ಅಕ್ಟೋಬರಿನಲ್ಲಿ ಕೇಂಬ್ರಿಡ್ಜ್ ಓದಿನ ಖರ್ಚು ಕೊಡಿ ಅಂತ ಬಹಿರಂಗವಾಗಿ ಬರೆದ. ಕಂಪನಿ ಒಪ್ಪಲಿಲ್ಲ. "ಅದೇ ಥರ ಒಂದು ಹೆಸರು ಹೇಳಿ ಸರ್" ಅಂತ ಇನ್ನೂ ಕೇಳುವವರಿದ್ದಾರೆ. ಬೇರೆಯವರ ಟ್ರೇಡ್‌ಮಾರ್ಕ್ ಹಿಡಿದು ಕಾಯುವವರಿಗೆ ವಕೀಲರ ನೋಟಿಸ್ ಬರುತ್ತದೆ. ಡಾಟ್ ಕಾಮ್‌ಗೆ 1999ರಿಂದಲೇ ಇದಕ್ಕಾಗಿ ವ್ಯಾಜ್ಯ ತೀರ್ಮಾನದ ವ್ಯವಸ್ಥೆ ಇದೆ, ಡಾಟ್ ಇನ್‌ಗೆ ಬೇರೆಯೇ ಇದೆ. ನಾನು ಆ ಕಡೆ ತಲೆ ಹಾಕುವುದಿಲ್ಲ.

ಕನ್ನಡ ಪದಗಳ ಆಸೆ ಮಾತ್ರ ನನಗೆ ಬಿಟ್ಟಿಲ್ಲ. ಕನ್ನಡ ಲಿಪಿಯಲ್ಲೇ ಡಾಟ್ ಭಾರತದ ಹೆಸರೊಂದು ಇದೆ. ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಅದು ಬಾಳೆಯೂ ಅಲ್ಲ ಅಡಿಕೆಯೂ ಅಲ್ಲ, ಅಂಗಳದ ತುಳಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡ ಪದಗಳದ್ದೇ ತಲೆನೋವು. ಊಟ ಅಂತ ಬರೆಯಲು ಎರಡು ಓ ಹಾಕಬೇಕಾ, ಒಂದು ಯು ಸಾಕಾ? ಕೊನೆಯಲ್ಲಿ ಟಿ ಆದ ಮೇಲೆ ಎಚ್ ಬೇಕಾ? ಒಬ್ಬೊಬ್ಬರದು ಒಂದೊಂದು. ಅದಕ್ಕೇ ಕೊಳ್ಳುವ ಮೊದಲು ಪುತ್ತೂರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳುತ್ತೇನೆ. ಅಣ್ಣ ಅದನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಬೇಕು. ಈ ಕಸುಬಿನಲ್ಲಿ ಇದಕ್ಕೆ ರೇಡಿಯೋ ಟೆಸ್ಟ್ ಅಂತಾರೆ. ಅಣ್ಣ ಇದಕ್ಕೆ ಕಿರಿಕಿರಿ ಅಂತಾನೆ.

ರಿನ್ಯೂವಲ್ ಹತ್ತಿರ ಬಂದಾಗಲೂ ಇದನ್ನೇ ಮಾಡುತ್ತೇನೆ. 2014ರ ಆ ಮೂಟೆಯಲ್ಲಿ ಒಂದೇ ಒಂದು ಹೆಸರು ಇನ್ನೂ ಉಳಿದುಕೊಂಡಿತ್ತು, ಕಲಬುರಗಿಯದ್ದು. ಯಾಕೋ ಬಿಡಲು ಮನಸ್ಸು ಬಂದಿರಲಿಲ್ಲ. ಅದರ ದಿನ ಮೊನ್ನೆ ಮಂಗಳವಾರ ಇತ್ತು. ಬೆಳಿಗ್ಗೆ ಫೋನ್ ಮಾಡಿದೆ. ಅಣ್ಣ ತೋಟದಲ್ಲಿದ್ದ, ಮೋಟಾರಿನ ಸದ್ದು. ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು. ಒಂದು ಎ ಜಾಸ್ತಿ ಹಾಕಿದ್ದ, ಒಂದು ಯು ಬಿಟ್ಟಿದ್ದ. ಬಿಲ್ ಕಟ್ಟಲಿಲ್ಲ.