ಪೊಟ್ಟಣ ಬಂತು, ತಾಯಿ ಬರಬೇಕಲ್ಲ

ನಾನು ಕಲಬುರಗಿಯವನು. ಆಫ್ರಿಕಾದ ಮಲಾವಿ ದೇಶದ ರಾಜಧಾನಿ ಲಿಲೊಂಗ್ವೆಯಲ್ಲಿ ನನ್ನದು ಗೋದಾಮಿನ ಕೆಲಸ. ಜಿಲ್ಲೆಗಳಿಗೆ ಹೋಗುವ ಪೆಟ್ಟಿಗೆಗಳ ಲೆಕ್ಕ ಇಡುವುದು, ಲಾರಿ ಹತ್ತಿಸುವುದು. ಅದರಲ್ಲಿ ಜಾಸ್ತಿ ಇರುವುದು ಶೇಂಗಾ ಪೇಸ್ಟ್. ತೀರಾ ಸೊರಗಿದ ಮಕ್ಕಳಿಗೆ ಔಷಧಿಯಂತೆ ಕೊಡುವ ಆಹಾರ. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ನು, ಖನಿಜ. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲರಿ. ಪೆಟ್ಟಿಗೆಗೆ 150 ಪೊಟ್ಟಣ. ಒಂದು ಮಗು ಚೇತರಿಸಿಕೊಳ್ಳಲು ಹೆಚ್ಚುಕಡಿಮೆ ಒಂದು ಪೆಟ್ಟಿಗೆ ಬೇಕು. ರುಚಿ ಹೇಗಿದೆ ಅಂತ ಅವ್ವ ಫೋನಿನಲ್ಲಿ ಕೇಳಿದ್ದಳು. ನಮ್ಮ ಶೇಂಗಾ ಉಂಡಿಯನ್ನು ನುಣ್ಣಗೆ ಅರೆದ ಹಾಗೆ ಅಂದೆ.

ಇದನ್ನು 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಆಹಾರ ಎಂಜಿನಿಯರ್ ಮಿಷೆಲ್ ಲೆಸ್ಕಾನ್ ಸೇರಿ ರೂಪಿಸಿದರು. ಪ್ಲಂಪಿನಟ್ ಅಂತ ಹೆಸರು. ಅದಕ್ಕೂ ಮೊದಲು ಇಂಥ ಮಕ್ಕಳಿಗೆ ಪುಡಿ ಕಲಸಿದ ವಿಶೇಷ ಹಾಲೇ ಗತಿ. ಅದಕ್ಕೆ ಶುದ್ಧ ನೀರು ಬೇಕು, ಹೊತ್ತುಹೊತ್ತಿಗೆ ಕೊಡಲು ದಾದಿ ಬೇಕು. ಹಾಗಾಗಿ ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು. ಮನೆಯಲ್ಲಿ ಉಳಿದ ಮಕ್ಕಳು, ಹೊಲ? ಎಷ್ಟೋ ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಪೇಸ್ಟಿನಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ರೋಗಾಣು ಬೆಳೆಯುವುದಿಲ್ಲ. ಒಲೆ ಬೇಡ, ನೀರು ಬೆರೆಸುವುದು ಬೇಡ. ಚಿಕಿತ್ಸೆಯೇ ಮನೆಗೆ ಹೋಯಿತು. 2002ರ ಬರಗಾಲದಲ್ಲಿ ಇಲ್ಲೇ ಪಕ್ಕದ ಡೋವಾ ಜಿಲ್ಲೆಯಲ್ಲಿ ಈ ಪದ್ಧತಿ ನಡೆಸಿ ನೋಡಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಒಪ್ಪಿಗೆ ಕೊಟ್ಟವು.

ಓದಿದರೆ ಪೊಟ್ಟಣವೇ ಹೀರೋ ಅನಿಸುತ್ತದೆ, ಅಲ್ವಾ? ನನಗೆ ಹಾಗನಿಸುವುದಿಲ್ಲ.

ಇಲ್ಲಿ ಹಸಿವಿಗೂ ಒಂದು ಕಾಲವಿದೆ. ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಏಪ್ರಿಲ್ ಹೊತ್ತಿಗೆ ಬರುತ್ತದೆ. ನಡುವಿನ ಮಳೆಗಾಲದ ತಿಂಗಳುಗಳು ಕಷ್ಟದವು. ಆಗಲೇ ಮಕ್ಕಳು ಸೊರಗುವುದು, ಆಗಲೇ ರಸ್ತೆ ಕೆಸರಾಗುವುದು, ಆಗಲೇ ಹೆಂಗಸರು ಬೇರೆಯವರ ಹೊಲಕ್ಕೆ ಗನ್ಯು, ಅಂದರೆ ಕೂಲಿಗೆ ಹೋಗುವುದು. ಆರೋಗ್ಯ ಕೇಂದ್ರಕ್ಕೆ ನಡೆದು ಹೋಗಿ, ಸಾಲಿನಲ್ಲಿ ಕೂತು, ವಾಪಸು ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಆ ದಿನದ ಕೂಲಿ ಹೋದರೆ ಆ ದಿನದ ಹಿಟ್ಟೂ ಹೋಯಿತು. ಅಷ್ಟು ಮಾಡಿ ಬಂದವಳಿಗೆ 'ಲಾರಿ ಬಂದಿಲ್ಲ ಅಮಾಯಿ, ಮುಂದಿನ ವಾರ ಬನ್ನಿ' ಅಂದರೆ? ಅವಳು ಮತ್ತೆ ಬರುವುದಿಲ್ಲ. ನಾನಾದರೂ ಬರುತ್ತಿರಲಿಲ್ಲ. ಸಂಸ್ಥೆಯ ಕಾಗದದಲ್ಲಿ ಮಾತ್ರ ಅದು 'ತಾಯಿ ಚಿಕಿತ್ಸೆ ಬಿಟ್ಟಳು' ಅಂತ ದಾಖಲಾಗುತ್ತದೆ!

ಹಾಗಾಗಿ ನನಗೆ ಪೊಟ್ಟಣಕ್ಕಿಂತ ದೊಡ್ಡದಾಗಿ ಕಂಡದ್ದು ತೋಳು ಅಳೆಯುವ ಬಣ್ಣದ ಪಟ್ಟಿ. ಮಗುವಿನ ತೋಳಿನ ನಡುವೆ ಸುತ್ತಿ ನೋಡುವುದು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, 12.5ರ ಒಳಗೆ ಹಳದಿ, ಮೇಲೆ ಹಸಿರು. ಅಕ್ಷರ ಬೇಕಿಲ್ಲ. ಈಗೀಗ ಇದನ್ನು ತಾಯಂದಿರ ಕೈಗೇ ಕೊಡುತ್ತಾರೆ. ಮಗು ತೀರಾ ಕೆಡುವ ಮೊದಲೇ ಮನೆಯಲ್ಲೇ ಗೊತ್ತಾಗುತ್ತದೆ. ಕೇಂದ್ರದಲ್ಲಿ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ಊತ ನೋಡುತ್ತಾರೆ. ಆಮೇಲೆ ಎದುರಿಗೇ ಸ್ವಲ್ಪ ಪೇಸ್ಟ್ ತಿನ್ನಿಸುತ್ತಾರೆ. ಬೇರೆ ಕಾಯಿಲೆಯ ತೊಂದರೆ ಇಲ್ಲದೆ ಮಗು ಚೆನ್ನಾಗಿ ತಿಂದರೆ ಪೊಟ್ಟಣಗಳ ಜೊತೆ ಮನೆಗೆ, ಇಲ್ಲವಾದರೆ ಆಸ್ಪತ್ರೆಗೆ.

ಇನ್ನೊಂದು, ಕೇರ್ ಗ್ರೂಪ್. 1995ರಲ್ಲಿ ಪಕ್ಕದ ಮೊಜಾಂಬಿಕ್‌ನಲ್ಲಿ ಶುರುವಾದದ್ದು. ಹತ್ತು ಹದಿನೈದು ಹೆಂಗಸರು ಸೇರಿ ಒಂದು ಪಾಠ ಕಲಿಯುತ್ತಾರೆ, ಆಮೇಲೆ ಒಬ್ಬೊಬ್ಬರೂ ಅಕ್ಕಪಕ್ಕದ ಹತ್ತು ಹದಿನೈದು ಮನೆಗೆ ಹೋಗಿ ಹೇಳುತ್ತಾರೆ. ಗಂಜಿಗೆ ಶೇಂಗಾ ಪುಡಿ ಹಾಕಿ, ಕೆರೆಮೀನು ಒಣಗಿಸಿ ಪುಡಿ ಮಾಡಿ ಬೆರೆಸಿ, ಇಷ್ಟೇ ವಿಷಯ. ಆದರೆ ಹೇಳುವವಳು ಪಕ್ಕದ ಮನೆಯವಳು. ನಾನು ಹೋಗಿ ಹೇಳಿದರೆ ಮನೆಯ ಅಗೋಗೊ, ಅಂದರೆ ಅಜ್ಜಿ, ನಕ್ಕು ತಲೆಯಾಡಿಸಿ ಕಳಿಸಿಬಿಡುತ್ತಾರೆ. ಅದೇ ಪಕ್ಕದವಳ ಹತ್ತಿರ ಜಗಳವಾಡುತ್ತಾರೆ. ಜಗಳವಾದ ಮನೆಯಲ್ಲೇ ಗಂಜಿ ಬದಲಾದದ್ದನ್ನು ಕಂಡಿದ್ದೇನೆ.

  

ನನ್ನ ತಕರಾರು ಇರುವುದು ಮನೆಮನೆಗೆ ಹೋಗುವ ಆ ಹೆಂಗಸರ ಬಗ್ಗೆ. ಅವರಿಗೆ ಸಂಬಳವಿಲ್ಲ. ನಮ್ಮ ಅಂಗನವಾಡಿಯವರಿಗೆ ಸಿಗುವ ಗೌರವಧನವೇ ಸಾಲದು ಅಂತ ಅವರು ಬೀದಿಗಿಳಿಯುತ್ತಾರೆ. ಇಲ್ಲಿ ಅದೂ ಇಲ್ಲ, ಸಿಕ್ಕರೆ ಒಂದು ಬಟ್ಟೆ, ಒಂದು ಚೀಲ. ದುಡ್ಡು ಕೊಟ್ಟರೆ ಸೇವಾಭಾವ ಹೋಗುತ್ತದೆ ಅಂತ ವಾದಿಸುವವರಿದ್ದಾರೆ. ಹಾಗೆ ವಾದಿಸುವವರೆಲ್ಲ ತಿಂಗಳ ಸಂಬಳದವರು. ನನ್ನ ಲೆಕ್ಕದ ಹಾಳೆಯಲ್ಲಿ ಲಾರಿಯ ಡೀಸೆಲ್ಲಿಗೆ ಒಂದು ಸಾಲು ಇದೆ, ಪೆಟ್ಟಿಗೆ ಕಟ್ಟುವ ಟೇಪಿಗೂ ಇದೆ. ಈ ಹೆಂಗಸರಿಗೂ ಒಂದು ಸಾಲು ಸೇರಿಸಿ ಮೇಲಿನವರಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ, ಮತ್ತೆ ಕಳಿಸುತ್ತೇನೆ.