ಸವೆದ ನಾಣ್ಯದ ಮೈಬಣ್ಣ

ಚಲಾವಣೆಯಲ್ಲಿ ಸವೆದ ನಾಣ್ಯಕ್ಕೆ ಗ್ರೇಡ್ ನೀಡುವಾಗ ಮುಖ್ಯವಾಗಿ ನೋಡುವುದು ಸವೆತವನ್ನೇ, ಅಂದರೆ ಕೂದಲಿನ ಎಳೆ, ಕೆನ್ನೆ, ಹಕ್ಕಿಯ ಎದೆಗರಿಗಳಂತಹ ಉಬ್ಬು ಭಾಗಗಳಲ್ಲಿ ವಿವರ ಎಷ್ಟು ಉಳಿದಿದೆ ಎಂಬುದನ್ನು. ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆಂದು ರೂಪಿಸಿದ 1ರಿಂದ 70ರವರೆಗಿನ ಮಾಪಕವೇ ಮುಂದೆ ಇತರ ನಾಣ್ಯಗಳಿಗೂ ಹಬ್ಬಿತು. ಅದರಲ್ಲಿ 60ರಿಂದ ಮೇಲಿನ ಅಂಕಗಳು ಚಲಾವಣೆಯಾಗದ ನಾಣ್ಯಗಳಿಗೆ ಮೀಸಲಾಗಿದ್ದು, ಅಲ್ಲಿ ಹೊಳಪು, ಅಚ್ಚಿನ ಸ್ಪಷ್ಟತೆ ಮತ್ತು ಗೀರುಗಳ ಜೊತೆಗೆ ನೋಟದ ಚೆಲುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಕೆಳಗೆ ಸವೆತದ್ದೇ ಮೇಲುಗೈ. ಹಾಗಾಗಿ ವಿಎಫ್ 30 (‘ವೆರಿ ಫೈನ್’, ಅಂದರೆ ಮಧ್ಯಮ ಸವೆತದ ದರ್ಜೆ) ಎಂದೇ ಗುರುತಿಸಲಾದ ಎರಡು ನಾಣ್ಯಗಳಲ್ಲಿ ಒಂದು ಕಣ್ಣು ಕೀಳದಂತೆ ಮಾಡಿದರೆ, ಇನ್ನೊಂದನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕೆಂದೇ ಅನಿಸುವುದಿಲ್ಲ.

ಈ ವ್ಯತ್ಯಾಸಕ್ಕೆ ಮೈಬಣ್ಣವೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ಪದರ ಕಟ್ಟುತ್ತದೆ; ನಾಣ್ಯ ಕೈಯಿಂದ ಕೈಗೆ ದಾಟಿದಂತೆ ಉಬ್ಬುಗಳ ಮೇಲಿನ ಪದರ ಉಜ್ಜಿಹೋಗಿ, ಅಕ್ಷರಗಳ ಬುಡದಲ್ಲಿ ಮತ್ತು ಅಂಚಿನ ಒಳಮಗ್ಗುಲಲ್ಲಿ ಮಾತ್ರ ಕಪ್ಪು ಉಳಿದುಕೊಳ್ಳುತ್ತದೆ. ತಿಳಿಬೂದು ಮುಖದ ಸುತ್ತ ಈ ಕಪ್ಪು ನಿಂತಾಗ, ಸವೆದುಹೋದ ಚಿತ್ರವೂ ಎದ್ದು ಕಾಣುತ್ತದೆ.

ಉಜ್ಜಿ ತೊಳೆದ ನಾಣ್ಯದಲ್ಲಿ ಮೊದಲು ಮಾಯವಾಗುವುದು ಇದೇ. ಅಂಥದ್ದನ್ನು ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿದರೆ, ಚಿತ್ರ, ಅಕ್ಷರಗಳಿಲ್ಲದ ಬಯಲು ಭಾಗದಲ್ಲಿ ಒಂದೇ ದಿಕ್ಕಿಗೆ ಸಾಗಿದ ಕೂದಲೆಳೆಯಷ್ಟು ಸಣ್ಣ ಗೀರುಗಳು ಮಿಂಚಿ ಮರೆಯಾಗುತ್ತವೆ. ರಾಸಾಯನಿಕದಲ್ಲಿ ಅದ್ದಿದ್ದಾದರೆ ಗೀರು ಇರುವುದಿಲ್ಲ, ಆದರೆ ಟಂಕಸಾಲೆಯ ಹೊಳಪು ಸವೆತದಲ್ಲಿ ಹೋಗಿಬಿಟ್ಟಿರುವುದರಿಂದ ಸುಣ್ಣ ಬಳಿದಂತಹ ಪೇಲವ ಬಿಳುಪಷ್ಟೇ ಉಳಿಯುತ್ತದೆ. ತಾಮ್ರ ಇನ್ನೂ ಸೂಕ್ಷ್ಮ: ಸವೆದ ತಾಮ್ರದ ನಾಣ್ಯ ಕಂದು ಬಣ್ಣದಲ್ಲಿರಬೇಕೇ ಹೊರತು ಗುಲಾಬಿ ಛಾಯೆಯಲ್ಲಿ ಅಲ್ಲ. (ಹೊಸದರಂತೆ ಕಾಣಲೆಂದು ಉಜ್ಜಿ ಬೆಲೆ ಇಳಿಸಿಕೊಳ್ಳುವ ಚಟಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.) ಗ್ರೇಡಿಂಗ್ ಸಂಸ್ಥೆಗಳು ಒರಟಾಗಿ ತೊಳೆದದ್ದಕ್ಕೆ ಅಂಕ ಕೊಡದೆ ‘ಡೀಟೇಲ್ಸ್’ ಎಂದು ಬೇರ್ಪಡಿಸುತ್ತವೆಯಾದರೂ, ಹಗುರವಾಗಿ ತೊಳೆದವು ಕೆಲವೊಮ್ಮೆ ಅಂಕ ಪಡೆದೇ ಹೊರಬರುತ್ತವೆ.

ಗೀರು ಎಲ್ಲಿದೆ ಎಂಬುದೂ ಮುಖ್ಯ. ಕೂದಲಿನ ನಡುವೆ ಅಡಗಿದ ಗೀರನ್ನು ಕ್ಷಮಿಸಬಹುದು, ಕೆನ್ನೆಯ ಮೇಲಿನದನ್ನು ಕ್ಷಮಿಸುವುದು ಕಷ್ಟ. ಎಯು 58ರ (‘ಅಬೌಟ್ ಅನ್‌ಸರ್ಕ್ಯುಲೇಟೆಡ್’, ಅಂದರೆ ಬಹುತೇಕ ಸವೆಯದ ದರ್ಜೆ) ಒಳ್ಳೆಯ ನಾಣ್ಯವೊಂದು, ಬರೀ ಉಬ್ಬುಗಳ ತುದಿ ಮಾಸಿರುವ ಕಾರಣಕ್ಕೆ, ಚಲಾವಣೆಯಾಗದಿದ್ದರೂ ಗೀರುಗಳಿಂದ ತುಂಬಿದ ಎಂಎಸ್ (‘ಮಿಂಟ್ ಸ್ಟೇಟ್’) 61ಕ್ಕಿಂತ ಕೆಳಗೆ ನಿಲ್ಲುತ್ತದೆ. ಆಯ್ಕೆ ನನ್ನದಾದರೆ ಆ 58ನ್ನೇ ತೆಗೆದುಕೊಳ್ಳುತ್ತೇನೆ.